ಮೇಲೆ ಹತ್ತೋಕೆ ಆಗದ ಕುದುರೆಗಳ ಕ್ಲಬ್: ಒಂದೂವರೆ ವರ್ಷ ಆದ್ಮೇಲೆ ಬರೀತಿರೋ ರಿವ್ಯೂ

ಕುದುರೆ ಕಂಡ್ರೆ ಕಾಲು ನೋವು ಅಂತಾರಲ್ಲ, ಮೊದಲ್ನೇ ದಿನ ನಮ್ಮ ಮಕ್ಕಳಿಗೆ ಆಗಿದ್ದು ಅದೇ. ಮಿನಿಯೇಚರ್ ಹಾರ್ಸ್ ಯೂತ್ ಕ್ಲಬ್ ಅಂತ ಇಬ್ಬರನ್ನೂ ಸೇರಿಸಿದ್ದೆ, ಗೇಟ್ ದಾಟಿ ಒಳಗೆ ಹೋದ್ರೆ ಐದು ಪುಟ್ಟ ಕುದುರೆ ಸಾಲಾಗಿ ನಿಂತಿವೆ, 8 ವರ್ಷದ ಮಗ ಸೀದಾ ಹೋಗಿ "ಆಂಟಿ, ನಾನು ಯಾವುದ್ರ ಮೇಲೆ ಕೂರ್ಲಿ" ಅಂದ. ಕ್ಲಬ್ ನಡೆಸೋ ಮೇಡಂ ಅಷ್ಟೇ ಸೀದಾ "ಯಾವುದ್ರ ಮೇಲೂ ಇಲ್ಲಪ್ಪ, ಇಲ್ಲಿ ಯಾರೂ ಕೂರಲ್ಲ" ಅಂದ್ರು. ಅವನ ಮುಖ ನೋಡ್ಬೇಕಿತ್ತು. ಮನೆಗೆ ಬರೋವರೆಗೂ ಕಾರಲ್ಲಿ ಒಂದೇ ರಾಗ, ಕೂರೋಕೆ ಆಗಲ್ಲ ಅಂದ್ಮೇಲೆ ಅದು ಯಾವ ಸೀಮೆ ಕುದುರೆ ಅಂತ.

ನಿಜ ಹೇಳ್ಬೇಕಂದ್ರೆ ನಂಗೂ ಹಾಗೇ ಅನ್ಸಿತ್ತು. ಆಮೇಲೆ ಲೆಕ್ಕ ಹಾಕಿ ತೋರಿಸಿದ್ರು. ಇಂಥ ಒಂದು ಕುದುರೆ ತೂಕ ಹೆಚ್ಚುಕಮ್ಮಿ 70 ರಿಂದ 110 ಕೆಜಿ. ಕುದುರೆ ಬೆನ್ನ ಮೇಲೆ ಅದರ ತೂಕದ ನೂರಕ್ಕೆ 20 ಭಾಗಕ್ಕಿಂತ ಜಾಸ್ತಿ ಹೇರಬಾರದು ಅನ್ನೋದು ಕುದುರೆ ಸಾಕೋರು ಸಾಮಾನ್ಯವಾಗಿ ಇಟ್ಕೊಂಡಿರೋ ಅಳತೆ, ಅಂದ್ರೆ 90 ಕೆಜಿ ಕುದುರೆಗೆ ಜೀನು ಸೇರಿಸಿ 18 ಕೆಜಿ. ನನ್ನ ಮಗ ಒಬ್ಬನೇ 26. ಮೂರ್ನಾಲ್ಕು ವರ್ಷದ ಮಗು ಕೂರಬಹುದೇನೋ, ಆದ್ರೆ ಆ ವಯಸ್ಸಿನೋರನ್ನ ಕ್ಲಬ್‌ಗೆ ತಗೊಳ್ಳೋದೇ ಇಲ್ಲ, ಹಾಗಾಗಿ ಸವಾರಿ ಅನ್ನೋ ಮಾತೇ ಇಲ್ಲ ಅಂತ ಗೆರೆ ಹಾಕ್ಬಿಟ್ಟಿದ್ದಾರೆ. ನಂಗೆ ಈ ಕ್ಲಬ್ ಮೇಲೆ ಮೊದಲು ನಂಬಿಕೆ ಬಂದಿದ್ದು ಈ ಗೆರೆಯಿಂದಲೇ. ಯಾಕಂದ್ರೆ ಇದಕ್ಕೆ ಮುಂಚೆ ನಾವು ಬೇರೆ ಒಂದು ಕಡೆ (ಹೆಸರು ಬೇಡ ಬಿಡಿ) ಎರಡು ತಿಂಗಳು ಹೋಗಿದ್ವಿ, ಅಲ್ಲಿ ಫೀಸ್ ಕಟ್ಟಿದ ಯಾವ ಮಗು ಬಂದ್ರೂ ಎತ್ತಿ ಕೂರಿಸಿ ಫೋಟೋ ತೆಗೆಯೋರು, ಒಂದು ಮಧ್ಯಾಹ್ನ ಒಂದೇ ಕುದುರೆ ಮೇಲೆ ಹನ್ನೊಂದು ಮಕ್ಕಳನ್ನ ಎಣಿಸಿದೀನಿ, ಕೊನೇಲಿ ಅದು ಕಿವಿ ಹಿಂದಕ್ಕೆ ಮಡಚ್ಕೊಂಡು ಬಾಲ ಬೀಸ್ತಾ ನಿಂತಿತ್ತು, ಯಾರಿಗೂ ಅದರ ಭಾಷೆ ಓದೋ ಪುರುಸೊತ್ತಿರಲಿಲ್ಲ.

ಇನ್ನೊಂದು ವಿಷಯ, ಇವನ್ನ ನೋಡಿದೋರೆಲ್ಲ ಕುದುರೆ ಮರಿ ಅಂತಾರೆ. ಮರಿ ಅಲ್ಲ, ಪೂರ್ತಿ ಬೆಳೆದ ಕುದುರೆ, ತಳಿಯೇ ಹಾಗೆ. ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಅಂತ 1978ರಲ್ಲಿ ಶುರುವಾದ ಸಂಸ್ಥೆ ಒಂದಿದೆ, ಅವರ ಲೆಕ್ಕದಲ್ಲಿ 34 ಇಂಚು ದಾಟೋ ಹಾಗಿಲ್ಲ. ಇನ್ನೊಂದು ರಿಜಿಸ್ಟ್ರಿ, ಶೆಟ್ಲೆಂಡ್ ಪೋನಿಯವರು ನಡೆಸೋದು, ಅದರಲ್ಲಿ 38 ಇಂಚಿನ ತನಕ ಬೇರೆ ಗುಂಪು ಮಾಡಿ ಸೇರಿಸ್ಕೊಳ್ತಾರೆ. ಮಜಾ ಏನಂದ್ರೆ ದೊಡ್ಡ ಕುದುರೆನ ಭುಜದ ಎತ್ತರದ ಗುಬುಟಿನ ಹತ್ರ ಅಳೀತಾರೆ, ಇವನ್ನ ಮಾತ್ರ ಕುತ್ತಿಗೆ ಕೂದಲು ಎಲ್ಲಿ ಮುಗಿಯುತ್ತೋ ಆ ಕೊನೇ ಕೂದಲಿನ ಬುಡದಲ್ಲಿ ಅಳೀತಾರೆ. ಕ್ಲಬ್‌ನಲ್ಲಿ ವರ್ಷಕ್ಕೊಂದು ಸಲ ಅಳತೆ ದಿನ ಇರುತ್ತೆ, ಮಕ್ಕಳೇ ಕೋಲು ಹಿಡಿದು ಅಳೀಬೇಕು. ಕುದುರೆ ಕಾಲು ಅಗಲ ಮಾಡಿ ನಿಂತ್ರೆ ಒಂದು ಸಂಖ್ಯೆ, ತಲೆ ಎತ್ತಿ ನಿಂತ್ರೆ ಇನ್ನೊಂದು ಸಂಖ್ಯೆ, ಮೂರು ಗುಂಪು ಅಳೆದ್ರೆ ಮೂರು ಉತ್ತರ. ಮಗಳಿಗೆ (11 ವರ್ಷ) ಸ್ಕೂಲಲ್ಲಿ ಯಾರೂ ಕಲಿಸದ ಪಾಠ ಅವತ್ತು ಆಯ್ತು, ಅಳತೆ ಅನ್ನೋದು ಅಳೆಯೋನ ಕೈಲೂ ಇರುತ್ತೆ ಅಂತ.

ಮೊದಲ ಮೂರು ವಾರ ಕುದುರೆನ ಮುಟ್ಟೋಕೂ ಬಿಡಲಿಲ್ಲ. ಕೆಲವು ಪೇರೆಂಟ್ಸ್‌ಗೆ ಸಿಟ್ಟು ಬಂತು, ಇಬ್ಬರು ಬಿಟ್ಟೂ ಹೋದ್ರು. ಆ ಮೂರು ವಾರ ಏನ್ ಮಾಡಿದ್ರು ಅಂದ್ರೆ, ಬೇಲಿ ಆಚೆ ಕೂತು ನೋಡೋದು, ಕಿವಿ ಎಲ್ಲಿಗೆ ತಿರುಗ್ತು, ಬಾಲ ಏನ್ ಮಾಡ್ತು, ಯಾವ ಕುದುರೆ ಬಂದ್ರೆ ಯಾವುದು ಜಾಗ ಬಿಡುತ್ತೆ, ಎಲ್ಲ ಬರೆಯೋದು. ಕುದುರೆಗೆ ಮೂಗಿನ ಮುಂದೆ ಸ್ವಲ್ಪ ಜಾಗ ಮತ್ತೆ ಬಾಲದ ಹಿಂದೆ ಜಾಗ ಕಾಣೋದೇ ಇಲ್ಲ, ಹಾಗಾಗಿ ಭುಜದ ಕಡೆಯಿಂದ ಮಾತಾಡಿಸ್ತಾ ಹೋಗ್ಬೇಕು. ಹಗ್ಗ ಕೈಗೆ ಸುತ್ತಿಕೊಳ್ಳೋ ಹಾಗಿಲ್ಲ, ಉದ್ದ ಇದ್ರೆ ಮಡಿಕೆ ಮಾಡಿ ಹಿಡೀಬೇಕು, ಕುದುರೆ ಬೆದರಿ ಓಡಿದ್ರೆ ಸುತ್ತಿದ ಹಗ್ಗ ಬೆರಳು ಕಿತ್ಕೊಂಡು ಹೋಗುತ್ತೆ. ಕಂಬಕ್ಕೆ ಕಟ್ಟೋವಾಗ ಒಂದೇ ಎಳೆತಕ್ಕೆ ಬಿಚ್ಚೋ ಗಂಟು. ಆ ಗಂಟನ್ನ ಮಗ ಮನೇಲಿ ಡೈನಿಂಗ್ ಟೇಬಲ್ ಕಾಲಿಗೆ, ಬಾಗಿಲ ಹಿಡಿಕೆಗೆ, ಒಂದು ಸಲ ಮಲಗಿದ್ದ ಅವರಪ್ಪನ ಕಾಲಿಗೂ ಹಾಕಿ ಪ್ರಾಕ್ಟೀಸ್ ಮಾಡಿದ.

ಇಷ್ಟೆಲ್ಲ ಯಾಕೆ ಅಂದ್ರೆ ಗಾತ್ರ ನೋಡಿ ಮೋಸ ಹೋಗ್ತೀವಿ. ನಾಯಿ ಥರ ಕಾಣುತ್ತೆ, ತಬ್ಬಿಕೊಳ್ಳೋಣ ಅನ್ಸುತ್ತೆ. ಆದ್ರೆ 90 ಕೆಜಿ ಪ್ರಾಣಿ ಕಾಲು ತುಳಿದ್ರೆ ತುಳಿದಿದ್ದೇ, ಒದ್ರೆ ಅದರ ಗೊರಸು ಸರಿಯಾಗಿ ಚಿಕ್ಕ ಮಗುವಿನ ಹೊಟ್ಟೆ ಎದೆ ಎತ್ತರಕ್ಕೇ ಬರುತ್ತೆ. ಕೈಯಲ್ಲಿ ತಿನ್ನಿಸೋದೂ ಇಲ್ಲಿ ಬ್ಯಾನ್, ಬಕೆಟ್‌ಗೇ ಹಾಕ್ಬೇಕು, ಕೈ ರುಚಿ ಹತ್ತಿದ ಕುದುರೆ ಜೇಬು ಮೂಸ್ತಾ ಮೂಸ್ತಾ ಕಚ್ಚೋ ಅಭ್ಯಾಸ ಮಾಡ್ಕೊಳ್ಳುತ್ತಂತೆ. ದೊಡ್ಡ ಕುದುರೆ ಮಾಡಿದ್ರೆ ಗದರಿಸೋ ಚೇಷ್ಟೆನ ಈ ಪುಟ್ಟವು ಮಾಡಿದ್ರೆ ನಾವು ಅಯ್ಯೋ ಕ್ಯೂಟ್ ಅಂತ ನಗ್ತೀವಲ್ಲ, ಅಲ್ಲೇ ಹಾಳಾಗೋದು ಅಂತ ಮೇಡಂ ಯಾವಾಗ್ಲೂ ಗೊಣಗ್ತಾರೆ. ಅದು ನಮ್ಮ ಮಕ್ಕಳ ಬಗ್ಗೆನೂ ಇರಬಹುದು ಅಂತ ನಂಗೆ ಡೌಟು.

ಈಗ ಮೇವಿನ ವಿಷಯ. ಈ ಕ್ಲಬ್‌ನ ಜೀವ ಇರೋದೇ ಫೀಡ್ ರೂಮಲ್ಲಿ. ಗೋಡೆಗೆ ದೊಡ್ಡ ಬೋರ್ಡು, ಐದೂ ಕುದುರೆ ಹೆಸರು, ಯಾವುದಕ್ಕೆ ಎಷ್ಟು ಒಣಹುಲ್ಲು ಅಂತ ಗ್ರಾಂ ಲೆಕ್ಕದಲ್ಲಿ. ತಿಂಗಳಿಗೊಂದು ಸಲ ಎದೆ ಸುತ್ತ ಟೇಪ್ ಹಿಡಿದು ತೂಕ ಅಂದಾಜು ಮಾಡೋದು, ಆ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ ಹುಲ್ಲು ಅಂತ ಲೆಕ್ಕ, ಅಂದ್ರೆ 90 ಕೆಜಿದಕ್ಕೆ ದಿನಕ್ಕೆ ಒಂದು ಕೆಜಿ 350 ಗ್ರಾಮಿಂದ ಒಂದು ಕೆಜಿ 800 ಗ್ರಾಂ. ಒಂದು ತೋಳು ತುಂಬ ತಬ್ಬಿ ತಂದ್ರೆ ಇದಕ್ಕಿಂತ ಜಾಸ್ತಿ ಆಗೋಗುತ್ತೆ, ಅದಕ್ಕೇ ತೂಕದ ಕೊಕ್ಕೆ ತಗಲಿಸಿ ಬಲೆ ಚೀಲದಲ್ಲಿ ತೂಗಿ ಹಾಕ್ಬೇಕು. ಇವು ಗಾಳಿ ಕುಡಿದ್ರೂ ದಪ್ಪ ಆಗೋ ಜಾತಿ. ದಪ್ಪ ಆದ್ರೆ, ಇಲ್ಲಾ ಹಸಿ ಹುಲ್ಲು ಕಾಳು ಜಾಸ್ತಿ ತಿಂದ್ರೆ ಲ್ಯಾಮಿನೈಟಿಸ್, ಗೊರಸಿನ ಒಳಗಿನ ಪದರ ಉರಿಯೋ ಕಾಯಿಲೆ, ನಿಲ್ಲೋಕೂ ಆಗದಷ್ಟು ನೋವು. ಹಾಗಂತ ಡಯಟ್ ಅಂತ ಉಪವಾಸ ಕೆಡವೋ ಹಾಗೂ ಇಲ್ಲ, ದಪ್ಪ ಇರೋ ಪುಟ್ಟ ಕುದುರೆ ಒಂದೆರಡು ದಿನ ಮೇವು ಬಿಟ್ರೆ ಮೈಯ ಕೊಬ್ಬೆಲ್ಲ ಕರಗಿ ರಕ್ತಕ್ಕೆ ನುಗ್ಗಿ ಲಿವರ್ ಕೆಡುತ್ತೆ, ಪ್ರಾಣಕ್ಕೇ ಬರುತ್ತೆ. ಆ ಕಡೆಗೂ ಹಳ್ಳ ಈ ಕಡೆಗೂ ಹಳ್ಳ, ಮಧ್ಯದ ಹಾದೀಲಿ ನಡೆಸೋದು 11 ವರ್ಷದ ಮಕ್ಕಳು.

ಚಳಿಗಾಲದಲ್ಲಂತೂ ಕೂದಲು ಕರಡಿ ಥರ ಬೆಳೆಯುತ್ತೆ, ಒಳಗೆ ಪಕ್ಕೆಲುಬು ಎದ್ದಿದ್ರೂ ಗೊತ್ತಾಗಲ್ಲ, ದಪ್ಪ ಆಗಿದ್ರೂ ಗೊತ್ತಾಗಲ್ಲ. ಕಣ್ಣು ಮುಚ್ಚಿ ಕೈಯಾಡಿಸಿ ಹೇಳಿ ಅಂತ ಕಲಿಸ್ತಾರೆ. ಇದಕ್ಕೆ 1 ರಿಂದ 9ರ ತನಕ ಒಂದು ಸ್ಕೋರ್ ಇದೆ, 1983ರಲ್ಲಿ ಟೆಕ್ಸಸ್‌ನ ಹೆನೆಕಿ ಅನ್ನೋರು ಮಾಡಿದ್ದು, ಮಗಳು ಈಗ ನೆಂಟರ ಮನೆ ನಾಯಿಗೂ ಸ್ಕೋರ್ ಕೊಡ್ತಾಳೆ.

ಫೀಡ್ ರೂಮ್ ಬಗ್ಗೆ ಇಷ್ಟು ಬರೀತಿರೋಕೆ ಕಾರಣ ಇದೆ, ಅಲ್ಲಿ ದೊಡ್ಡ ತಪ್ಪು ಮಾಡಿದ್ದು ಯಾವ ಮಗುನೂ ಅಲ್ಲ, ನಾನು. ಪೇರೆಂಟ್ಸ್ ಡ್ಯೂಟಿ ಇತ್ತು, ಬಕೆಟ್ ತೊಳೆದಿಟ್ಟು ಫೋನ್ ಬಂತು ಅಂತ ಮಾತಾಡ್ತಾ ಆಚೆ ಬಂದೆ, ಚಿಲಕ ಹಾಕಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ನೋಡಿದ್ರೆ ಚುಕ್ಕಿ ಅನ್ನೋ ಕುದುರೆ ಒಳಗೆ ಹೋಗಿ ಕಾಳಿನ ಡ್ರಮ್‌ಗೆ ತಲೆ ಹಾಕಿ ನಿಂತಿದೆ, ಮುಚ್ಚಳ ಅದೇ ಮೂಗಲ್ಲಿ ಎತ್ತಿದೆ. ನಾನು ಪರವಾಗಿಲ್ಲ ಸ್ವಲ್ಪ ತಾನೇ ತಿಂದಿರೋದು ಅಂದ್ಕೊಂಡೆ. ಮೇಡಂ ಹಾಗೆ ಅಂದ್ಕೊಳ್ಳಲಿಲ್ಲ, ನನ್ನ ಮಾತು ಮುಗಿಯೋ ಮುಂಚೆನೇ ವೆಟ್‌ಗೆ ಫೋನ್ ಮಾಡಿದ್ರು. ಕುದುರೆಗೆ ವಾಂತಿ ಮಾಡೋಕೇ ಬರಲ್ಲ, ತಿಂದಿದ್ದು ಮುಂದಕ್ಕೇ ಹೋಗ್ಬೇಕು, ಕಾಳು ಜಾಸ್ತಿ ಆದ್ರೆ ಹೊಟ್ಟೆನೋವು, ಆಮೇಲೆ ಒಂದೆರಡು ದಿನ ಬಿಟ್ಟು ಲ್ಯಾಮಿನೈಟಿಸ್ ಬರಬಹುದು. ಡ್ರಮ್‌ನಲ್ಲಿ ಉಳಿದಿದ್ದನ್ನ ತೂಗಿ ಬೋರ್ಡ್ ಲೆಕ್ಕದ ಜೊತೆ ತಾಳೆ ಹಾಕಿ ಎಷ್ಟು ತಿಂದಿದೆ ಅಂತ ವೆಟ್‌ಗೆ ಸರಿಯಾಗಿ ಹೇಳಿದ್ದು ಯಾರು ಗೊತ್ತಾ, ಒಬ್ಬ 13 ವರ್ಷದ ಹುಡುಗ. ದೊಡ್ಡೋಳು ನಾನು ಗೋಡೆಗೆ ಒರಗಿ ನಿಂತಿದ್ದೆ.

ವೆಟ್ ಬಂದು ನೋಡಿ ಔಷಧಿ ಹಾಕಿ ಹೋದ್ರು, ಮೂರು ದಿನ ಕಣ್ಣಿಟ್ಟಿರಿ ಅಂದ್ರು. ಮಕ್ಕಳು ಪಾಳಿ ಹಾಕ್ಕೊಂಡು ನಾಡಿ ಎಣಿಸಿದ್ರು, ಗೊರಸಿಗೆ ಕೈಯಿಟ್ಟು ಬಿಸಿ ಇದೆಯಾ ನೋಡಿದ್ರು, ಲದ್ದಿ ಹಾಕ್ತೋ ಇಲ್ವೋ ಅಂತ ಬರೆದಿಟ್ರು. ದೊಡ್ಡ ಕುದುರೆ ಸುಮ್ನೆ ನಿಂತಿದ್ರೆ ನಿಮಿಷಕ್ಕೆ 28 ರಿಂದ 44 ಬಡಿತ, ಇವಕ್ಕೆ ಸ್ವಲ್ಪ ಜಾಸ್ತಿನೂ ಇರಬಹುದು, ಅದಕ್ಕೇ ಐದೂ ಕುದುರೆಗಳ ಮಾಮೂಲಿ ಸಂಖ್ಯೆ ಮೊದಲೇ ಬರೆದಿಟ್ಟಿರ್ತಾರೆ, ಚುಕ್ಕಿದು ಎಷ್ಟು ಏರಿದೆ ಅಂತ ಹೋಲಿಸೋಕೆ ಆಯ್ತು. ಏನೂ ಆಗಲಿಲ್ಲ, ನಾಲ್ಕನೇ ದಿನ ಯಥಾಪ್ರಕಾರ ಬೇಲಿ ಕೆರೀತಾ ನಿಂತಿತ್ತು. ಮೇಡಂ ನನ್ನ ಬೈಲಿಲ್ಲ. ಮಕ್ಕಳು ತಪ್ಪು ಮಾಡಿದ್ರೆ ಒಂದು ಪುಸ್ತಕದಲ್ಲಿ ಏನಾಯ್ತು, ಯಾಕಾಯ್ತು, ಇನ್ಮೇಲೆ ಏನು ಅಂತ ಬರೀಬೇಕು, ಅದನ್ನೇ ನನ್ನ ಕೈಗೆ ಕೊಟ್ಟು ಪೆನ್ನೂ ಕೊಟ್ರು. ನನ್ನ ಮಗ ಪಕ್ಕದಲ್ಲಿ ನಿಂತು "ಅಮ್ಮ, ಫೋನ್ ಅಂತ ಬರಿ" ಅಂದ. ಈಗ ಬಾಗಿಲಿಗೆ ಎರಡು ಚಿಲಕ, ಡ್ರಮ್‌ಗೆ ಬೀಗ. ನಂಗೆ ಫೀಡ್ ರೂಮ್ ಡ್ಯೂಟಿ ಆರು ತಿಂಗಳು ಕೊಡಲಿಲ್ಲ, ಸರಿನೇ.

ಹತ್ತೋಕಿಲ್ಲ ಅಂದ್ಮೇಲೆ ಮಕ್ಕಳು ಮಾಡೋದಾದ್ರೂ ಏನು ಅಂತ ಎಲ್ಲರೂ ಕೇಳ್ತಾರೆ. ತುಂಬ ಇದೆ ರೀ. ಹಗ್ಗ ಹಿಡಿದು ಜೊತೇಲಿ ನಡೆಸಿ ನಿಲ್ಲಿಸಿ ತೋರಿಸೋದು, ಸೇತುವೆ ಟಾರ್ಪಾಲು ಟೈರು ದಾಟಿಸೋ ಅಡೆತಡೆ ಓಟ, ಮಗು ಪಕ್ಕದಲ್ಲಿ ಓಡ್ತಾ ಕುದುರೆ ಮಾತ್ರ ಹಾರೋ ಜಂಪಿಂಗ್, ವೇಷ ಹಾಕೋ ಸ್ಪರ್ಧೆ (ನಮ್ಮ ಚುಕ್ಕಿ ಒಂದು ಸಲ ಜೇನುಹುಳ ಆಗಿತ್ತು, ರೆಕ್ಕೆ ಒಂದನ್ನ ಅದೇ ತಿಂದು ಹಾಕ್ತು). ಆದ್ರೆ ಮಕ್ಕಳ ಕಣ್ಣೆಲ್ಲ ಇರೋದು ಗಾಡಿ ಮೇಲೆ. ಬೆನ್ನ ಮೇಲೆ ಹೊರೋಕೆ ಆಗದ ತೂಕನ ಚಕ್ರದ ಮೇಲೆ ಇಟ್ರೆ ಆರಾಮಾಗಿ ಎಳೆಯುತ್ತೆ, ಹಾಗಾಗಿ ಸವಾರಿ ಸಿಗದ ಮಗ ಕೊನೆಗೂ ಕೂತ, ಕೂತಿದ್ದು ಗಾಡೀಲಿ.

ಅಲ್ಲಿಗೆ ಬರೋಕೆ ಏಳು ತಿಂಗಳು ಹಿಡೀತು. ಮೊದಲು ಗಾಡಿ ಇಲ್ಲದೆ ಉದ್ದ ಲಗಾಮು ಹಿಡಿದು ಕುದುರೆ ಹಿಂದೆ ನಡೆಯೋದು, ತಿರುಗು ನಿಲ್ಲು ಎಲ್ಲ ಬಾಯಿಮಾತಿಗೆ ಕೇಳೋವರೆಗೂ. ಆಮೇಲೆ ಹಿಂದೆ ಏನೋ ಸದ್ದು ಮಾಡ್ತಾ ಬರೋದು ಅಭ್ಯಾಸ ಆಗ್ಲಿ ಅಂತ ಸಣ್ಣ ಟೈರ್ ಎಳೆಸೋದು. ಅದಾದ ಮೇಲೆ ಗಾಡಿ, ಅದೂ ಒಬ್ಬರು ಕುದುರೆ ತಲೆ ಹತ್ರ ನಿಂತಿದ್ರೇನೇ ಕಟ್ಟೋದು ಬಿಚ್ಚೋದು. ಗಾಡಿ ಇನ್ನೂ ಕಟ್ಟಿರೋವಾಗ ಕಣ್ಣುಪಟ್ಟಿ ಲಗಾಮು ತೆಗೆಯೋದು ಅಂದ್ರೆ ಇಲ್ಲಿ ಮಹಾಪರಾಧ. ಕಣ್ಣುಪಟ್ಟಿ ತೆಗೆದ ತಕ್ಷಣ ಹಿಂದೆ ಇಷ್ಟು ದೊಡ್ಡದೇನೋ ಅಂಟ್ಕೊಂಡಿದೆ ಅಂತ ಕಂಡು ಕುದುರೆ ಓಟ ಕಿತ್ರೆ ಹಿಡಿಯೋಕೆ ಕೈಯಲ್ಲಿ ಏನೂ ಇರಲ್ಲ. ಕಟ್ಟೋವಾಗ ಗಾಡಿ ಎಳೆಯೋ ಪಟ್ಟಿ ಮೊದಲು, ಗಾಡಿ ಮುಂದಕ್ಕೆ ನುಗ್ಗದ ಹಾಗೆ ತಡೆಯೋ ಪಟ್ಟಿ ಆಮೇಲೆ, ಬಿಚ್ಚೋವಾಗ ಉಲ್ಟಾ. ಮಗ ಇದನ್ನ ಮಗ್ಗಿ ಥರ ಹೇಳ್ತಾನೆ, ಮಗ್ಗಿ ಮಾತ್ರ ಇನ್ನೂ ಬರಲ್ಲ.

ಐದು ಕುದುರೆಗೆ ಹದಿನಾಲ್ಕು ಮಕ್ಕಳು, ಇದರ ಬಗ್ಗೆ ಕಂಪ್ಲೇಂಟ್ ಮಾಡೋರಿದ್ದಾರೆ. ನಂದು ಆ ಕಂಪ್ಲೇಂಟ್ ಅಲ್ಲ. ಮೂರು ಮಕ್ಕಳಿಗೊಂದು ಕುದುರೆ ಅಂದ್ರೆ ಒಬ್ಬರು ಹಿಡೀತಾರೆ, ಒಬ್ಬರು ಉಜ್ಜಿ ಗೊರಸಿನ ಮಣ್ಣು ತೆಗೀತಾರೆ, ಒಬ್ಬರು ನೋಡಿ ಬರೀತಾರೆ, ಇಪ್ಪತ್ತು ನಿಮಿಷಕ್ಕೆ ಬದಲು. ಸ್ವಂತ ಕುದುರೆ ಇರೋ ಮಗುನೂ ಇದೇ ಪಾಳಿಗೆ ಬರ್ಬೇಕು. ಎಲ್ಲರಿಗೂ ಒಂದೊಂದು ದಾಖಲೆ ಪುಸ್ತಕ, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿದ್ದು, ಟೆಟನಸ್ ಲಸಿಕೆ, ಲದ್ದಿ ಪರೀಕ್ಷೆ ಮಾಡಿಸಿ ಹುಳದ ಔಷಧಿ ಕೊಟ್ಟಿದ್ದು, ಹಲ್ಲು ತೋರಿಸಿದ್ದು (ದವಡೆ ಚಿಕ್ಕದು, ಹಲ್ಲಿಗೆ ಜಾಗ ಸಾಲಲ್ಲ, ಹಾಗಾಗಿ ಹಲ್ಲಿನ ತೊಂದರೆ ಇವಕ್ಕೆ ಜಾಸ್ತಿ), ಎಲ್ಲ ಅದರಲ್ಲಿ. ಮಳೆ ದಿನ ಕ್ಯಾನ್ಸಲ್ ಮಾಡದೆ ಕ್ವಿಜ್ ಮಾಡ್ತಾರೆ, ಗೊರಸಿನ ತಳದಲ್ಲಿ ಬಾಣದ ತುದಿ ಥರ ಇರೋ ಮೆತ್ತಗಿನ ಭಾಗಕ್ಕೆ ಏನಂತಾರೆ ಅಂತೆಲ್ಲ. ನೀವು ಯಾವುದೇ ಕ್ಲಬ್ ನೋಡೋಕೆ ಹೋಗೋದಾದ್ರೆ ಮಳೆ ಬರ್ತಿರೋ ದಿನ ಹೋಗಿ.

ಮೇಡಂದು ಒಂದು ಅಭ್ಯಾಸ ಇದೆ, ಕೈ ಹಿಂದೆ ಕಟ್ಕೊಂಡು ನಿಲ್ಲೋದು. ಮಗು ಹಾಲ್ಟರ್‌ನ (ಕುದುರೆ ತಲೆಗೆ ಹಾಕೋ ಪಟ್ಟಿ) ತಲೆಕೆಳಗೆ ಹಾಕ್ತಿದ್ರೂ ಅಪಾಯ ಇಲ್ಲ ಅಂದ್ರೆ ಬಾಯಿ ಬಿಡಲ್ಲ. ನಮ್ಮಂಥ ಅಪ್ಪ ಅಮ್ಮಂದಿರಿಗೆ ಇದು ಸಿಕ್ಕಾಪಟ್ಟೆ ಕಷ್ಟ, ಕೈ ತಾನಾಗೇ ಮುಂದೆ ಹೋಗುತ್ತೆ, ಬೇಲಿ ಈಚೆ ಒಂದು ಬೆಂಚ್ ಹಾಕಿ ಅಲ್ಲೇ ಕೂರಿ ಅಂತ ಕಟ್ಟಪ್ಪಣೆ.

ಇಷ್ಟು ಚೆನ್ನಾಗಿರೋ ಜಾಗ ಶೋ ಸೀಸನ್ ಬಂದ್ರೆ ಯಾಕೆ ಹಾಗಾಗುತ್ತೋ ಗೊತ್ತಿಲ್ಲ. ಎರಡು ತಿಂಗಳು ಪಾಳಿ ಎಲ್ಲ ಗಾಳಿಗೆ. ಗೆಲ್ಲೋ ನಾಲ್ಕು ಮಕ್ಕಳಿಗೇ ಕುದುರೆ ಸಿಗುತ್ತೆ, ಉಳಿದೋರು ಲದ್ದಿ ಎತ್ತೋದು ನೀರು ಹೊರೋದು. ಬೆಂಚ್ ಮೇಲಿದ್ದ ಪೇರೆಂಟ್ಸ್ ಎಲ್ಲ ಒಳಗೆ ನುಗ್ಗಿ ತಾವೇ ಕೂದಲು ಟ್ರಿಮ್ ಮಾಡಿ, ಗೊರಸಿಗೆ ಪಾಲಿಶ್ ಹಚ್ಚಿ, ಮಗು ಕೈಗೆ ಹಗ್ಗ ಮಾತ್ರ ಕೊಡ್ತಾರೆ, ಮೇಡಂ ಕೂಡ ಆಗ ನೋಡಿದ್ರೂ ನೋಡದ ಹಾಗೆ ಇರ್ತಾರೆ. ಹೋದ ವರ್ಷ ನನ್ನ ಮಗಳು ವರ್ಷಪೂರ್ತಿ ಉಜ್ಜಿ ಬೆಳೆಸಿದ ಕುದುರೆನ ಬೇರೆಯವರು ರಿಂಗ್‌ಗೆ ತಗೊಂಡು ಹೋದ್ರು, ರಿಬ್ಬನ್ ಬಂತು, ಅವಳು ಚಪ್ಪಾಳೆ ತಟ್ಟಿದ್ಲು, ಮನೆಗೆ ಬಂದು ಬಾತ್‌ರೂಮಲ್ಲಿ ಅತ್ಲು. ಹೇಳಿದೀನಿ ಅವರಿಗೆ. ಈ ವರ್ಷ ಪಾಳಿ ಪುಸ್ತಕದಲ್ಲಿ ಹಾಜರಿ ಜಾಸ್ತಿ ಇರೋರಿಗೆ ಮೊದಲ ಅವಕಾಶ ಅಂತ ಹೊಸ ರೂಲ್ ಬಂದಿದೆ, ಪಾಲಿಸ್ತಾರಾ ನೋಡ್ಬೇಕು. ವಾಟ್ಸಾಪ್ ಗ್ರೂಪ್ ಇನ್ನೊಂದು ತಲೆನೋವು, ದಿನಕ್ಕೆ ನೂರು ಮೆಸೇಜ್, ಅದರಲ್ಲಿ ಕ್ಲಾಸ್ ಟೈಮ್ ಬದಲಾಗಿದೆ ಅನ್ನೋದು ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಎಲ್ಲೋ ಮುಳುಗಿರುತ್ತೆ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿರೋದು ಈ ಎರಡು ಕಾರಣಕ್ಕೆ, ಮುಕ್ಕಾಲು ಶೋ, ಕಾಲು ವಾಟ್ಸಾಪ್.

ಇಂಥ ಕ್ಲಬ್ ನೀವೇ ಶುರು ಮಾಡ್ಬೇಕು ಅಂತ ಇದ್ರೆ ಇವರ ಹತ್ರ ಒಂದು ದಿನ ಕೂತು ಹೋಗಿ. ಕುದುರೆ ಮುದ್ದಾಗಿದೆ ಅಂತ ಒಂದನ್ನ ಮಾತ್ರ ತಂದು ಕಟ್ಬೇಡಿ, ಅದು ಗುಂಪಲ್ಲಿ ಬದುಕೋ ಪ್ರಾಣಿ, ಒಂಟಿ ಇದ್ರೆ ಕೊರಗುತ್ತೆ. ಹೊಸದು ಬಂದ್ರೆ ಎರಡು ಮೂರು ವಾರ ಬೇರೆ ಜಾಗದಲ್ಲಿ ಬೇರೆ ಬಕೆಟ್. ಗಂಡು ಕುದುರೆ ಆದ್ರೆ ಬೀಜ ಒಡೆಸಿರೋದೇ ಮಕ್ಕಳ ಕೈಗೆ ಕೊಡೋದು, ಮೇಡಂ ಇದರಲ್ಲಿ ರಾಜಿ ಆಗಿದ್ದು ನಾನು ನೋಡಿಲ್ಲ. ಮರಿ ಮಾಡಿಸೋಣ ಅಂತ ಮಕ್ಕಳು ಪ್ರತಿ ವರ್ಷ ಅರ್ಜಿ ಕೊಡ್ತಾರೆ, ಪ್ರತಿ ವರ್ಷ ತಿರಸ್ಕಾರ. ಹನ್ನೊಂದು ತಿಂಗಳು ಬಸಿರು, ಇಷ್ಟು ಚಿಕ್ಕ ತಾಯಿಗೆ ಹೆರಿಗೆ ಕಷ್ಟ ಆಗೋದು ಜಾಸ್ತಿ, ಕುಳ್ಳತನದ ಜೀನ್ ತಂದೆ ತಾಯಿ ಇಬ್ಬರಲ್ಲೂ ಬಚ್ಚಿಟ್ಟುಕೊಂಡಿದ್ರೆ ಮರಿಗೆ ಕಾಲು ದವಡೆ ಸೊಟ್ಟ ಆಗಿ ಹುಟ್ಟೋ ಸಾಧ್ಯತೆ ಬೇರೆ. ಅದಕ್ಕೆ ಟೆಸ್ಟ್ ಇದೆ, ಟೆಸ್ಟ್ ಮಾಡಿಸದೆ ಮರಿ ಮಾಡಿಸೋರ ಹೆಸರೆತ್ತಿದ್ರೆ ಮೇಡಂ ಮುಖ ಕೆಂಪಗಾಗುತ್ತೆ.

ನಾನು ಒಂದು ಸಲ ಕೇಳಿದ್ದೆ, ಮಕ್ಕಳು ದೊಡ್ಡೋರಾಗಿ ಕಾಲೇಜು ಅಂತ ಹೋದ್ಮೇಲೆ ಈ ಕುದುರೆಗಳ ಕಥೆ ಏನು ಮೇಡಂ, ಇವು 25, 30 ವರ್ಷ ಬದುಕ್ತವಲ್ಲ ಅಂತ. ಉತ್ತರ ಕೊಡದೆ ಹಿಂದಿನ ಲಾಯಕ್ಕೆ ಕರ್ಕೊಂಡು ಹೋದ್ರು. ಅಲ್ಲಿ ಬೋರ್ಡ್‌ನ ಕೊನೇ ಹೆಸರಿನ ಕುದುರೆ, 27 ವರ್ಷ, ಕಣ್ಣಿನ ಸುತ್ತ ಬಿಳಿ ಕೂದಲು, ದವಡೆ ಹಲ್ಲು ಅರ್ಧಕ್ಕರ್ಧ ಇಲ್ಲ. ಹುಲ್ಲು ಜಗಿಯೋಕಾಗಲ್ಲ, ಹಾಗಾಗಿ ಒತ್ತಿ ಮಾಡಿದ ಹುಲ್ಲಿನ ಬಿಲ್ಲೆನ ನೀರಲ್ಲಿ ನೆನೆಸಿ ಗಂಜಿ ಥರ ಮಾಡಿ ದಿನಕ್ಕೆ ನಾಲ್ಕು ಸಲ ಕೊಡ್ಬೇಕು. ಇದನ್ನ ಮೊದಲು ನಡೆಸಿದ ಹುಡುಗಿಗೆ ಈಗ ಮದುವೆ ಆಗಿ ಮಗು ಇದೆಯಂತೆ, ಆ ಮಗು ಇನ್ನೆರಡು ವರ್ಷಕ್ಕೆ ಕ್ಲಬ್‌ಗೆ ಬರುತ್ತಂತೆ. ಗಂಜಿ ಪಾಳಿ ಯಾರಿಗೂ ಬೇಡ, ಶೋ ಇಲ್ಲ ರಿಬ್ಬನ್ ಇಲ್ಲ, ಕೈಯೆಲ್ಲ ಅಂಟು. ನಮ್ಮ ಮಗಳು ತಾನಾಗೇ ಕೇಳಿ ಹೆಸರು ಬರೆಸ್ಕೊಂಡಿದ್ದಾಳೆ, ಶನಿವಾರ ಬೆಳಗ್ಗೆ ಆರಕ್ಕೆ. ಅಲಾರಂ ಅವಳು ಇಟ್ಕೊಳ್ತಾಳೆ, ಕಾರು ಓಡಿಸ್ಬೇಕಾಗಿರೋದು ನಾನು, ಬಿಲ್ಲೆ ನೆನೆಯೋಕೆ ಅರ್ಧ ಗಂಟೆ ಬೇಕು ಅಂತ ಐದೂವರೆಗೇ ಹೊರಡಿಸ್ತಾಳೆ.